ತೊಂಬತ್ತನೆಯ ದಿನ, ಗುಂಡಣ್ಣ

ನವೆಂಬರ್ ೧೪, ಗುರುವಾರ

ಕೈ ಎಷ್ಟು ತೊಳೆದರೂ ಸಿಹಿ ವಾಸನೆ ಹೋಗುತ್ತಿಲ್ಲ. ತೊಂಬತ್ತು ದಿನ ಇದೇ ಕೈಯಿಂದ ಲ್ಯಾಬಿನ ಇಲಿಗಳ ಬಾಯಿಗೆ ಕ್ಯಾರಬ್ ಎಂಬ ವಿದೇಶಿ ಮರದ ಸಿಹಿ ಕಾಯಿಯ ಸಾರ ಹನಿಸಿದ್ದೇನೆ. ಬೋನಿನ ಬಾಗಿಲು ತೆಗೆದರೆ ಸಾಕು, ತಾವಾಗಿಯೇ ಅಂಗೈ ಹತ್ತುತ್ತಿದ್ದವು. ಸಕ್ಕರೆ ಕಾಯಿಲೆಗೆ ಈ ಸಾರ ಮದ್ದಾಗಬಹುದಂತೆ. ಆದರೆ ಮೊದಲು ಅದು ವಿಷವಲ್ಲವೆಂದು ತೋರಿಸಬೇಕು. ಅದಕ್ಕೇ ಇವತ್ತು ಎಲ್ಲವನ್ನೂ ಕೊಂದು, ಕೊಯ್ದು, ಒಳಗೆ ನೋಡಿದೆವು.

"ನೀವೇ ಹಿಡ್ಕೊಡಿ, ನಿಮ್ಮ ಕೈಗಾದ್ರೆ ಅವು ಹೆದರಲ್ಲ" ಎಂದರು ಪ್ರಯೋಗ ನಡೆಸುವ ಡಾಕ್ಟರು.

ನಿಜ. ಒಂದೂ ಕಚ್ಚಲಿಲ್ಲ. ಕುರಿ ಕಟುಕನನ್ನೇ ನಂಬುತ್ತದೆ ಅಂತಾರಲ್ಲ, ಹಾಗೆ. ಒಂದಾದರೂ ಕಚ್ಚಬಾರದಿತ್ತೇ?

ಕೊನೆಗೆ ಹದಿನೇಳನೆಯದು. ಫೋಟೋ ನೋಡಿ ಮಗಳು ಗುಂಡಣ್ಣ ಎಂದು ಹೆಸರಿಟ್ಟದ್ದು. ಎತ್ತಿಕೊಂಡಾಗ ಬೆರಳು ನೆಕ್ಕಿತು. ಅದರ ಲಿವರ್‌ನಲ್ಲಿ ಒಂದು ಕಲೆಯೂ ಇರಲಿಲ್ಲ. ಡಾಕ್ಟರು "ಭೇಷ್!" ಎಂದರು. ನಾನು ವರದಿಯಲ್ಲಿ 'ಯಾವ ತೊಂದರೆಯೂ ಕಂಡುಬಂದಿಲ್ಲ' ಎಂದು ಬರೆದೆ.

ಮಲಗುವಾಗ ಮಗಳು ಕೇಳಿದಳು, "ಅಮ್ಮಾ, ಔಷಧಿ ಕುಡಿದು ಗುಂಡಣ್ಣಂಗೆ ವಾಸಿ ಆಯ್ತಾ?"

"ಅವನಿಗೆ ಏನೂ ಆಗಿರ್ಲಿಲ್ಲ, ಪುಟ್ಟಾ."

"ಹಾಗಾದ್ರೆ ಇನ್ನು ಅವನನ್ನ ಬಿಟ್ಬಿಡ್ತೀರಾ?"

ಹೂಂ ಎಂದೆ. ಅವಳು ನನ್ನ ಇದೇ ಕೈಯನ್ನು ಕೆನ್ನೆಗೆ ಒತ್ತಿಕೊಂಡು ನಿದ್ದೆ ಹೋದಳು.