ನೂರ ಇಪ್ಪತ್ತು ಆಟಗಳ ವರದಿ

ಮನೆಯಿಂದ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಗುಂಡಕ್ಕನಿಗೆ,

ನೀನು ಕೇಳಿದ ಕಾರ್ಡುಗಳು ಈ ಪತ್ರದ ಜೊತೆಗೇ ಇವೆ. ಮೊದಲು ಅವನ್ನು ಬಿಚ್ಚಿ ಎಣಿಸಿಕೊಂಡು ಆಮೇಲೆ ಓದು. ಇಲ್ಲದಿದ್ದರೆ ನಿನ್ನ ಕಣ್ಣು ಪತ್ರದ ಮೇಲಿದ್ದರೂ ಜೀವ ಪೆಟ್ಟಿಗೆಯಲ್ಲಿರುತ್ತದೆ. ನೀನು ಮೂರು ಡೆಕ್ ಕೇಳಿದ್ದೆ, ಎರಡೇ ಇವೆ. ಗಾಬರಿಯಾಗಬೇಡ, ಕಳೆದುಹೋಗಿಲ್ಲ. ಮೂರನೆಯದನ್ನು ನಿನ್ನಪ್ಪ ಬಿಟ್ಟುಕೊಡಲಿಲ್ಲ.

ಹೌದು, ಸರಿಯಾಗೇ ಓದಿದೆ. ನಿನ್ನಪ್ಪ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮೂರು ವಾರದಿಂದ ನೀನು ಫೋನು ಮಾಡಿದಾಗಲೆಲ್ಲ ಪೆಟ್ಟಿಗೆ ಸಿಗುತ್ತಿಲ್ಲ, ಹುಡುಕುತ್ತಿದ್ದೇನೆ ಅನ್ನುತ್ತಿದ್ದೆನಲ್ಲ, ಅದು ಹಸೀ ಸುಳ್ಳು. ನೀನು ಕೇಳಿದ ದಿನವೇ ಸಿಕ್ಕಿತ್ತು. ಬಟ್ಟೆ ಕಪಾಟಿನ ಕೆಳಗಿನ ಖಾನೆಯಲ್ಲಿ, ನಿನ್ನ ಹಳೇ ಸ್ವೆಟರಿನ ಅಡಿಗೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಆ ಪ್ರಾಣಿಗಳ ಆಸ್ಪತ್ರೆಗೆ ತರಬೇತಿಗೆ ಸೇರಿದಮೇಲೆ ಒಂದು ಕೈಯಲ್ಲಿ ಯಾವುದೋ ಬೆಕ್ಕನ್ನು ಅದುಮಿ ಹಿಡಿದುಕೊಂಡೇ ನನ್ನ ಹತ್ತಿರ ಮಾತಾಡುತ್ತೀ. ಎರಡು ಮಾತಿಗೆ ಮುಂಚೆ ಬೆಕ್ಕು ಕಿರುಚುತ್ತದೆ, ಆಮೇಲೆ ಮಾಡ್ತೀನಮ್ಮಾ ಅಂತ ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಹಿಡಿದೆ.

ನೀನು ಅವತ್ತು ಕೇಳಿದ್ದು ಇಷ್ಟು: ಮುಂದಿನ ತಿಂಗಳು ದೊಡ್ಡ ಸ್ಪರ್ಧೆ, ಒಂದೇ ಡೆಕ್ ಒಯ್ಯಬೇಕು, ಮೂರರಲ್ಲಿ ಯಾವುದು ಗಟ್ಟಿಯೋ ತಿಳಿಯುತ್ತಿಲ್ಲ, ಹಾಸ್ಟೆಲಿನಲ್ಲಿ ಆಡಿ ನೋಡುವುದಕ್ಕೆ ಯಾರೂ ಇಲ್ಲ. ಯಾವುದು ಗಟ್ಟಿ ಅನ್ನುವ ಆ ಮಾತು ನನಗೆ ಅಂಟಿಕೊಂಡುಬಿಟ್ಟಿತು. ಹತ್ತೊಂಬತ್ತು ವರ್ಷದಿಂದ ನೂಲಿನ ಮಿಲ್ಲಿನಲ್ಲಿ ನನ್ನನ್ನು ಎಲ್ಲರೂ ಕೇಳುವುದು ಅದೊಂದೇ. ನೂಲನ್ನು ಯಂತ್ರದ ಎರಡು ದವಡೆಗೆ ಸಿಕ್ಕಿಸಿ, ಹರಿಯುವ ತನಕ ಎಳೆದು, ಹರಿದದ್ದು ಎಷ್ಟಕ್ಕೆ ಅಂತ ಬರೆದುಕೊಳ್ಳುವುದು. ಒಂದು ಎಳೆ ಹರಿದರೆ ಅದು ಆ ಎಳೆಯ ಸುದ್ದಿ. ಐವತ್ತು ಎಳೆ ಹರಿದರೆ ಅದು ನೂಲಿನ ಸುದ್ದಿ. ಹಾಗಾದರೆ ನನ್ನ ಮಗಳ ಕಾರ್ಡುಗಳನ್ನು ನಾನೇ ಯಾಕೆ ಎಳೆದು ನೋಡಬಾರದು ಅನ್ನಿಸಿತು.

ನಿನಗೆ ನಗು ಬರುತ್ತಿರಬಹುದು. ಈ ಕಾರ್ಡುಗಳು ಹುಟ್ಟಿಕೊಂಡ ಆ ಜಪಾನಿ ಕಾರ್ಟೂನನ್ನು, ನಿನ್ನ ಅನಿಮೆಯನ್ನು, ನೀನು ನೋಡುವಾಗ ಟಿ.ವಿ. ಮುಂದೆ ಅಡ್ಡ ನಿಂತು ಪರಕೆ ಆಡಿಸಿದವಳು ನಾನು. ಈ ಕಾರ್ಡುಗಳನ್ನು ಚಿತ್ರದ ಚೀಟಿ ಅಂತ ಕರೆದವಳು ನಾನು. ಹನ್ನೆರಡನೇ ಕ್ಲಾಸಿನ ವರ್ಷ ಪೆಟ್ಟಿಗೆ ಕಾಣದೆ ನೀನು ಅಳುತ್ತಾ ಮನೆಯೆಲ್ಲ ಜಾಲಾಡಿದೆಯಲ್ಲ, ಆಗ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟವಳೂ ನಾನೇ. ಪರೀಕ್ಷೆ ಮುಗಿದ ಮರುದಿನ ತಾನಾಗಿ ಸಿಕ್ಕಿತು ಅಂದೆ. ನೀನು ನಂಬಿದ ಹಾಗೆ ಮಾಡಿದೆ. ನಂಬಿರಲಿಲ್ಲ, ಅಲ್ಲವಾ?

ನಿಯಮದ ಪುಸ್ತಕ ಓದಲು ಎರಡು ದಿನ ಬೇಕಾಯಿತು. ಇಬ್ಬರ ಮುಂದೂ ಏಳೇಳು ದೀಪ, ಎದುರಿನವರ ಏಳನ್ನೂ ಆರಿಸಿದವರು ಗೆದ್ದಂತೆ. ಸರದಿಗೆ ಒಂದೊಂದು ಹನಿ ಎಣ್ಣೆ ಹೆಚ್ಚುತ್ತಾ ಹೋಗುತ್ತದೆ, ಆ ಎಣ್ಣೆಯಿಂದ ಕಾರ್ಡು ಇಳಿಸಬೇಕು. ಇಷ್ಟು ತಲೆಗೆ ಹತ್ತಿದ ಮೇಲೆ ಉಳಿದದ್ದು ಕಷ್ಟವಾಗಲಿಲ್ಲ. ನಿನ್ನ ಡೆಕ್ಕುಗಳಿಗೆ ಏನೇನೋ ಜಪಾನಿ ಹೆಸರಿವೆ, ನನ್ನ ನಾಲಿಗೆ ಹೊರಳಲಿಲ್ಲ. ನಾನು ಕೆಂಪು ನರಿ, ನೀಲಿ ಅಂಬಿಗ, ಹಸಿರು ಆಮೆ ಅಂತ ಕರೆದೆ. ನರಿಗೆ ಅವಸರ, ಐದಾರು ಸರದಿಯಲ್ಲಿ ಮುಗಿಸಬೇಕು. ಅಂಬಿಗ ಎದುರಿನವರು ಇಳಿಸಿದ್ದನ್ನೆಲ್ಲ ದೋಣಿಯಲ್ಲಿ ಹಾಕಿಕೊಂಡು ಅವರ ಕೈಗೇ ವಾಪಸು ಕಳಿಸುತ್ತಾನೆ. ಆಮೆ ಸುಮ್ಮನೆ ಗೋಡೆ ಕಟ್ಟುತ್ತಾ ಕೂತು, ಕೊನೆಗೆ ದೊಡ್ಡ ಆಮೆಗಳನ್ನು ಇಳಿಸಿ ಒಂದೇ ಏಟಿಗೆ ಎರಡೆರಡು ದೀಪ ಆರಿಸುತ್ತದೆ.

ಮಿಲ್ಲಿನಿಂದ ಬಂದು, ಊಟದ ಮೇಜನ್ನು ಒರೆಸಿ, ಎರಡೂ ಕಡೆ ನಾನೇ ಕೂತು ಆಡಲು ಶುರುಮಾಡಿದೆ. ಈ ಕುರ್ಚಿಯಿಂದ ಎದ್ದು ಆ ಕುರ್ಚಿಗೆ, ಆ ಕುರ್ಚಿಯಿಂದ ಈ ಕುರ್ಚಿಗೆ. ನಾಲ್ಕನೇ ಆಟದಲ್ಲಿದ್ದಾಗ ನಿನ್ನಪ್ಪ ನೀರು ಕುಡಿಯಲು ಬಂದರು.

ಇಲ್ಲಿ ನಿನಗೆ ಒಂದು ವಿಷಯ ಹೇಳಬೇಕು. ನಿನ್ನಪ್ಪನ ಒಂದು ಕಣ್ಣು ಮಂಕಾಗಿ, ದೂರ ಎಷ್ಟು ಹತ್ತಿರ ಎಷ್ಟು ಅನ್ನುವ ಅಂದಾಜು ತಪ್ಪುತ್ತಿದೆ ಅಂತ ಬಂದರಿನವರು ಅವರನ್ನು ಕ್ರೇನಿನಿಂದ ಇಳಿಸಿದರಲ್ಲ, ಆವತ್ತಿನಿಂದ ಮನೆ ಮನೆಯಾಗಿರಲಿಲ್ಲ. ಇಪ್ಪತ್ತಾರು ವರ್ಷ ಆಕಾಶದಲ್ಲಿ ಒಬ್ಬರೇ ಕೂತು ದುಡಿದ ಮನುಷ್ಯ. ನೆಲಕ್ಕಿಳಿದ ಮೇಲೆ ಅವರ ಕಣ್ಣಿಗೆ ಬಿದ್ದದ್ದು ನನ್ನ ಅಡುಗೆಮನೆ. ಡಬ್ಬಿಗಳನ್ನು ಹೀಗೆ ಜೋಡಿಸುತ್ತಾರಾ ಅಂತ ಅವರು, ಇದು ನಿಮ್ಮ ಬಂದರಲ್ಲ ಅಂತ ನಾನು. ಎತ್ತು ಏರಿಗೆ, ಕೋಣ ನೀರಿಗೆ. ಮೊದಲು ಜಗಳವಾದರೂ ಇತ್ತು, ಆಮೇಲೆ ಅದೂ ನಿಂತಿತು. ಅವರು ಉಂಡು ಎದ್ದ ಮೇಲೆ ನಾನು ಉಣ್ಣುವುದು. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು. ನೀನು ಫೋನು ಮಾಡಿ ಅಪ್ಪ ಹೇಗಿದ್ದಾರೆ ಅಂದಾಗ ಆರಾಮಾಗಿದ್ದಾರೆ ಅನ್ನುತ್ತಿದ್ದೆ. ದೂರದಲ್ಲಿರುವ ಮಗುವಿನ ತಲೆಗೆ ಯಾಕೆ ಹುಳ ಬಿಡುವುದು ಅಂತ.

ಅವತ್ತು ನೀರಿನ ಲೋಟ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ನಿಂತವರು ಆ ಆಟವನ್ನು ಪೂರ್ತಿ ನೋಡಿದರು. ಕೊನೆಗೆ ನೀನು ಮೋಸ ಮಾಡ್ತಿದ್ದೀಯ ಅಂದರು.

ನನಗೆ ಎಲ್ಲಿತ್ತೋ ಸಿಟ್ಟು! ಯಾರಿಗೆ ಮೋಸ, ಎರಡೂ ಕಡೆ ನಾನೇ ಅಲ್ವೇನ್ರೀ ಅಂದೆ.

ಅದೇ ಮೋಸ, ಅಂದರು. ಈ ಕೈಯಲ್ಲಿರೋದು ಆ ಕೈಗೆ ಗೊತ್ತು. ಮೇಲಾಗಿ ನೀನು ನರಿ ಕಡೆಗೇ ವಾಲ್ತಾ ಇದ್ದೀಯ, ಅದು ಮುದ್ದಾಗಿದೆ ಅಂತ. ಇದ್ಯಾವ ಸೀಮೆ ಪರೀಕ್ಷೆ?

ಹತ್ತೊಂಬತ್ತು ವರ್ಷದ ಪರೀಕ್ಷಕಿಗೆ ಈ ಮಾತು ಹೇಗೆ ಚುಚ್ಚಿರಬೇಡ! ಆದರೆ ಅವರು ಹೇಳಿದ್ದು ನಿಜವಾಗಿತ್ತು. ಅಷ್ಟು ಗೊತ್ತಿದ್ದರೆ ಎದುರಿಗೆ ಕೂತ್ಕೊಳ್ಳಿ ಅಂದೆ. ಕೂತರು. ಕನ್ನಡಕ ತರಿಸಿಕೊಂಡು ಒಂದೊಂದೇ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಮೊದಲ ದಿನ ಎಂಟು ಆಟ ಸೋತರು. ಮರುದಿನ ನಾನು ಮಿಲ್ಲಿನಿಂದ ಬರುವಷ್ಟರಲ್ಲಿ ಮೇಜು ಒರೆಸಿತ್ತು, ಡೆಕ್ಕುಗಳನ್ನು ಕಲಸಿ ಇಟ್ಟಾಗಿತ್ತು, ನಿಯಮದ ಪುಸ್ತಕದಲ್ಲಿ ಪೆನ್ಸಿಲ್ ಗೆರೆಗಳಿದ್ದವು.

ಈಗ ವರದಿ. ಪ್ರತಿ ಜೋಡಿಗೆ ಮೂವತ್ತು ಆಟ, ಹದಿನೈದು ಆಟಕ್ಕೊಮ್ಮೆ ಡೆಕ್ ಅದಲುಬದಲು, ಆಡುವವರ ಜಾಣತನ ಲೆಕ್ಕಕ್ಕೆ ಬರಬಾರದು ಅಂತ. ನರಿ ಅಂಬಿಗನನ್ನು ಹತ್ತೊಂಬತ್ತು ಸಲ ಸೋಲಿಸಿತು. ಚಿಕ್ಕ ಚಿಕ್ಕ ಮರಿಗಳು ತಾನೇ, ಅಂಬಿಗ ವಾಪಸು ಕಳಿಸಿದರೂ ಮತ್ತೆ ಓಡಿಬರುತ್ತವೆ. ಅಂಬಿಗ ಆಮೆಯನ್ನು ಇಪ್ಪತ್ತೊಂದು ಸಲ ಸೋಲಿಸಿದ. ಕಷ್ಟಪಟ್ಟು ಕಟ್ಟಿದ ಗೋಡೆಯನ್ನೇ ದೋಣಿಗೆ ಹಾಕಿದರೆ ಆಮೆ ಪಾಪ ಏನು ಮಾಡೀತು! ಹಾಗಾದರೆ ನರಿಯೇ ಎಲ್ಲಕ್ಕಿಂತ ಗಟ್ಟಿ ಅಂದುಕೊಂಡರೆ, ಆಮೆ ನರಿಯನ್ನು ಹದಿನೇಳು ಸಲ ಸೋಲಿಸಿತು. ಅಲ್ಲಿಗೆ ಚಕ್ರ ಸುತ್ತಿದಂತಾಯಿತು. ಯಾವುದು ಗಟ್ಟಿ ಅನ್ನುವುದಕ್ಕೆ ಉತ್ತರವೇ ಇಲ್ಲ, ಎದುರಿಗೆ ಯಾರು ಕೂರುತ್ತಾರೆ ಅಂತ ಕೇಳಬೇಕು.

ಇನ್ನೊಂದು. ನೂಲು ಮಗ್ಗದ ಮೇಲೆ ಹರಿಯುವುದು ಅದರ ಸೋತ ಜಾಗದಲ್ಲಿ, ಸರಾಸರಿ ಎಷ್ಟೇ ಚೆನ್ನಾಗಿರಲಿ. ಅದಕ್ಕೇ ಗೆದ್ದ ಆಟ ಬಿಟ್ಟು ಸೋತ ಆಟಗಳನ್ನು ನೋಡಿದೆ. ನರಿ ಸೋತದ್ದು ಒಟ್ಟು ಇಪ್ಪತ್ತೆಂಟು ಸಲ. ಅದರಲ್ಲಿ ಹದಿನಾರು ಸಲ ಮೊದಲ ಕೈಯಲ್ಲೇ ಎರಡು ಬೆಳ್ಳಿ ನರಿ ಬಂದು ಕೂತಿದ್ದವು. ಏಳು ಹನಿ ಎಣ್ಣೆ ಬೇಕು ಆ ಮಹಾರಾಣಿಗೆ! ಏಳನೇ ಸರದಿಯಷ್ಟರಲ್ಲಿ ನರಿಯ ಕಥೆ ಆ ಕಡೆಯೋ ಈ ಕಡೆಯೋ ಮುಗಿದಿರುತ್ತದೆ. ಅದು ನಿನಗೆ ಪ್ರೀತಿಯ ಕಾರ್ಡು ಅಂತ ಗೊತ್ತು. ನಾಲ್ಕರಲ್ಲಿ ಮೂರನ್ನು ತೆಗೆದು ಮರಿನರಿ ಹಾಕಿದ್ದೇನೆ, ಒಂದನ್ನು ಉಳಿಸಿದ್ದೇನೆ. ತೆಗೆದವು ಬೇರೆ ಲಕೋಟೆಯಲ್ಲಿವೆ. ಹಾಗೆ ಬದಲಿಸಿ ಅಂಬಿಗನ ಮೇಲೆ ಇನ್ನೂ ಮೂವತ್ತು ಆಟ ಆಡಿದೆವು, ಇಪ್ಪತ್ತಮೂರು ಗೆದ್ದಿತು. ಕಣ್ಣುಮುಚ್ಚಿ ನಂಬುವಷ್ಟು ದೊಡ್ಡ ವ್ಯತ್ಯಾಸವಲ್ಲ, ಮಿಲ್ಲಿನಲ್ಲಾದರೆ ಇನ್ನಷ್ಟು ಎಳೆದು ನೋಡಿ ಅನ್ನುತ್ತಿದ್ದೆ. ಆದರೂ ದಾರಿ ಅದೇ ಕಡೆಗಿದೆ.

ಇನ್ನು ಎದುರಿಗೆ ಯಾರು ಕೂರುತ್ತಾರೆ ಅನ್ನುವುದನ್ನು ಮನೆಯಲ್ಲಿ ಕೂತು ತಿಳಿಯಲು ಆಗುವುದಿಲ್ಲವಲ್ಲ. ನೀನು ಹೋಗುತ್ತಿದ್ದ ಆ ಕಾರ್ಡಿನ ಅಂಗಡಿಗೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಗೆ, ನಿನ್ನೆ ಶನಿವಾರದ ಪಂದ್ಯಕ್ಕೆ ಹೋಗಿದ್ದೆವು. ನಾನು ಎಣಿಸುವುದಕ್ಕೆ, ನಿನ್ನಪ್ಪ ಆಡುವುದಕ್ಕೆ. ಆಮೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಬೇಡ ರೀ, ಅಲ್ಲಿ ಅಂಬಿಗರೇ ಜಾಸ್ತಿ ಇದ್ದರೆ ಸೋಲ್ತೀರಿ ಅಂದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನಿನ್ನಪ್ಪನಿಗೆ ಆಮೆ ಮುದ್ದು. ಕೇಳಲಿಲ್ಲ.

ಅಂಗಡಿಯವನು ಅಪ್ಪನನ್ನು ನೋಡಿ ಯಾರನ್ನ ಕರೆದುಕೊಂಡು ಹೋಗೋಕೆ ಬಂದ್ರಿ ಸಾರ್ ಅಂತ ಕೇಳಿದ. ಗೆಲುವನ್ನ, ಅಂದರು ನಿನ್ನಪ್ಪ! ನಾನು ನಾಚಿಕೆಯಿಂದ ಗೋಡೆಯ ಪಟ ನೋಡುತ್ತಾ ನಿಂತೆ.

ಇಪ್ಪತ್ತೆರಡು ಜನ ಬಂದಿದ್ದರು. ಅಂಬಿಗ ಒಂಬತ್ತು, ನರಿ ಆರು, ಆಮೆ ನಾಲ್ಕು, ಬೇರೆ ಜಾತಿಯವು ಮೂರು. ದೊಡ್ಡ ಸ್ಪರ್ಧೆಗೂ ಜನ ಹೀಗೇ ಬಂದರೆ ನೀನು ನರಿಯನ್ನೇ ಒಯ್ಯಬೇಕು ಅಂತ ನನ್ನ ಅಭಿಪ್ರಾಯ. ಆದರೆ ಅದು ಬೇರೆ ಊರು, ಬೇರೆ ಜನ. ಹೋದವಳೇ ಮೊದಲು ಸುತ್ತ ಕಣ್ಣಾಡಿಸು. ಅಂಬಿಗನನ್ನೂ ಅದಕ್ಕೇ ಕಳಿಸಿದ್ದೇನೆ.

ನಿನ್ನಪ್ಪ ಮೊದಲೆರಡು ಪಂದ್ಯ ಸೋತರು. ಮೂರನೆಯದರಲ್ಲಿ ಎದುರಿಗೆ ಬಂದು ಕೂತದ್ದು ಹಲ್ಲಿನ ಡಾಕ್ಟರಮ್ಮ, ಎರಡು ತಿಂಗಳಿಂದ ಆ ಅಂಗಡಿಯಲ್ಲಿ ಯಾರಿಗೂ ಸೋಲದವಳಂತೆ. ಅವಳದ್ದು ಅಂಬಿಗ. ಮುಗಿಯಿತು ಕಥೆ ಅಂದುಕೊಂಡು ನಾನು ಚೀಲ ಹೆಗಲಿಗೇರಿಸಿಕೊಂಡೆ. ಅಪ್ಪನ ದೀಪ ಆರಾಯಿತು, ಐದಾಯಿತು, ಎರಡಾಯಿತು, ಒಂದಕ್ಕೆ ಬಂದು ನಿಂತಿತು. ಅವರು ಮಾತ್ರ ಚಿಕ್ಕ ಚಿಕ್ಕ ಗೋಡೆಗಳನ್ನೇ ಇಳಿಸುತ್ತಾ ಕೂತಿದ್ದರು. ಡಾಕ್ಟರಮ್ಮ ಅವನ್ನೇ ಒಂದೊಂದಾಗಿ ದೋಣಿಗೆ ಹಾಕಿ ಕಳಿಸಿದಳು. ಅವಳ ಕೊನೆಯ ದೋಣಿಯೂ ಖರ್ಚಾದ ಮೇಲೆ ನಿನ್ನಪ್ಪ ನಿಧಾನವಾಗಿ, ಅವಸರವೇ ಇಲ್ಲದೆ, ಅಷ್ಟು ಹೊತ್ತು ಕೈಯಲ್ಲೇ ಹಿಡಿದಿದ್ದ ಎರಡು ದೊಡ್ಡ ಆಮೆಗಳನ್ನು ಒಂದರ ಹಿಂದೆ ಒಂದು ಇಳಿಸಿದರು. ಅವನ್ನು ಕದಲಿಸಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ. ಮೂರು ಸರದಿಯಲ್ಲಿ ಅವಳ ದೀಪಗಳೆಲ್ಲ ಆರಿದವು.

ಅವಳು ನಕ್ಕು, ಎಲ್ಲಿ ಕಲಿತಿರಿ ಅಂಕಲ್ ಅಂದಳು. ಬಂದರಿನಲ್ಲಿ ಅಂದರು ಇವರು. ಕೆಳಗಿನ ಪೆಟ್ಟಿಗೆ ಬೇಕಿದ್ದರೆ ಮೇಲಿನದನ್ನ ಎಲ್ಲಿಡೋದು ಅಂತ ಮೊದಲು ಯೋಚಿಸ್ಬೇಕಮ್ಮ, ಇವತ್ತು ಮೇಲಿನದನ್ನೆಲ್ಲ ನೀನೇ ಎತ್ತಿ ಕೊಟ್ಟೆ. ಆಮೇಲೆ ನಕ್ಕರು, ಗುಂಡಕ್ಕ. ಭುಜ ಕುಲುಕಿಸಿಕೊಂಡು, ಹಳೇ ನಗು. ಆ ನಗುವಿನ ಸದ್ದು ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು.

ಇಳಿಯುವಾಗ ಆ ಮೆಟ್ಟಿಲು ಗೊತ್ತಲ್ಲ, ಕಡಿದು, ಕತ್ತಲೆ, ಹಿಡಿಕೆಯಿಲ್ಲ. ಕಣ್ಣು ಮಂಕಾದಮೇಲೆ ಮೆಟ್ಟಿಲೆಂದರೆ ನಿನ್ನಪ್ಪನಿಗೆ ಹೆದರಿಕೆ. ಆದರೆ ನಾನು ಕೈ ಚಾಚಿದರೆ ನಾನೇನು ಮುದುಕನಾ ಅಂತ ಕೊಸರಿಕೊಳ್ಳುತ್ತಿದ್ದರು. ಹಾಗಾಗಿ ನಾನು ಚಾಚುವುದನ್ನೇ ಬಿಟ್ಟಿದ್ದೆ. ನಿನ್ನೆ ನಾನು ಸುಮ್ಮನೆ ಮುಂದೆ ಇಳಿಯುತ್ತಿದ್ದೆ. ಎರಡನೇ ಮೆಟ್ಟಿಲಲ್ಲಿ ಹೆಗಲ ಮೇಲೊಂದು ಕೈ ಬಂತು. ನಾನು ಹಿಂತಿರುಗಿ ನೋಡಲಿಲ್ಲ. ಕೆಳಗಿಳಿದ ಮೇಲೂ ಬಸ್ ನಿಲ್ದಾಣದ ತನಕ ಆ ಕೈ ಅಲ್ಲೇ ಇತ್ತು. ದಾರಿಯುದ್ದಕ್ಕೂ ಮೊದಲೆರಡು ಪಂದ್ಯ ಯಾಕೆ ಸೋತೆ ಅಂತ ವಿವರಿಸುತ್ತಾ ಬಂದರು. ಕುಣಿಯಲಾರದವಳಿಗೆ ನೆಲ ಡೊಂಕು ಅಂತ ಹೇಳಬೇಕೆನಿಸಿತು, ಹೇಳಲಿಲ್ಲ.

ಈಗ ಇಬ್ಬರೂ ಒಟ್ಟಿಗೇ ಉಣ್ಣುತ್ತೇವೆ. ಬೇಗ ಮೇಜು ಖಾಲಿಯಾಗಬೇಕಲ್ಲ! ಡಬ್ಬಿಗಳ ಜಗಳ ಹಾಗೇ ಇದೆ, ಅದು ಹೋಗುವಂಥದ್ದಲ್ಲ. ನೀನು ಪೆಟ್ಟಿಗೆ ತಡವಾಯಿತು ಅಂತ ಬೈದರೆ ಬೈಸಿಕೊಳ್ಳುತ್ತೇನೆ. ಸ್ಪರ್ಧೆಗೆ ಇನ್ನೂ ಎರಡು ವಾರವಿದೆ, ಕೈ ಕುದುರಿಸಿಕೊಳ್ಳಲು ಸಾಕು. ಹೊತ್ತಿಗೆ ಸರಿಯಾಗಿ ಉಣ್ಣು. ಬೆಕ್ಕು ಪರಚಿದ ಕಡೆ ಔಷಧಿ ಹಚ್ಚು. ಗೆದ್ದರೆ ಫೋನು ಮಾಡು, ಸೋತರೆ ಪತ್ರ ಬರೆ. ಸೋಲಿನಲ್ಲಿ ಹೇಳುವುದು ಜಾಸ್ತಿ ಇರುತ್ತದೆ.

ನಿನ್ನನ್ನೇ ನೆನೆಯುವ
ಅಮ್ಮ

ಮರೆತಿದ್ದೆ: ಮಿಲ್ಲಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ನೋಡಿಟ್ಟಿದ್ದೆ, ನನ್ನೊಬ್ಬಳಿಗೆ. ಒಂದು ಕಿಟಕಿ, ಒಂದು ಒಲೆ. ಒಂದನೇ ತಾರೀಖಿಗೆ ಬರುತ್ತೇನೆ ಅಂತ ಮನೆಯೊಡತಿಗೆ ಹೇಳಿಯೂ ಆಗಿತ್ತು. ನಿನ್ನಪ್ಪನಿಗೆ ಗೊತ್ತಿಲ್ಲ, ನೀನೂ ಹೇಳಬೇಡ. ಇವತ್ತು ಬೆಳಿಗ್ಗೆ ಹೋಗಿ ಬೇಡ ಅಂದು ಬಂದೆ. ಯಾಕಮ್ಮ, ಇದಕ್ಕಿಂತ ಒಳ್ಳೇದು ಸಿಕ್ಕಿತಾ ಅಂತ ಕೇಳಿದಳು. ಸಿಕ್ಕಿತು ಅಂದೆ.