ಪಾಯಸ ಸೀದಿದ್ದನ್ನು ಯಾರೂ ಹೇಳಲಿಲ್ಲ

ಲೋಧಿ ಕಾಲೋನಿ, ಹೊಸ ದೆಹಲಿ
೧೦ ಡಿಸೆಂಬರ್ ೨೦೦೬, ಭಾನುವಾರ

ಪ್ರೀತಿಯ ಪ್ರಣೀತಾ,

ಮಧ್ಯಾಹ್ನ ಮೂರು ಗಂಟೆ. ಬೆಳಗ್ಗೆ ಮಂಜು ಹರಿಯುವಾಗ ಹತ್ತಾಯಿತು. ಹೊದೆಯುವ ರಜಾಯಿ ಬಿಸಿಲಿಗೆ ಹಾಕಿದೆ, ಅನ್ನ ಸಾರು ಉಂಡೆ, ನಿನ್ನ ಚಿಕ್ಕಪ್ಪ ಮುರಳೀಧರ ಬಂದು ಹೋದ. ಡೈರಿಯಲ್ಲಾದರೆ ಇಷ್ಟಕ್ಕೇ ನಿಲ್ಲಿಸುತ್ತಿದ್ದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಸಲ ‘ಅಚ್ಛಾ ಅಮ್ಮಾ, ಚಲೋ’ ಅನ್ನುತ್ತೀಯ. ಅಕ್ಷರ ನಾನೇ ಕಲಿಸಿದ್ದು, ಕೂಡಿಸಿಕೊಂಡು ಓದು. ನಿನ್ನ ಗಂಡ ತಿಲಕನ ಕೈಯಲ್ಲಿ ಓದಿಸಬೇಡ. ಮುರಳೀಧರ ಸಂಜೆ ಈ ದಾರಿಯಾಗಿ ನಿಮ್ಮ ಘಾಜಿಯಾಬಾದಿಗೆ ಬರುತ್ತಾನೆ, ಅವನ ಹತ್ತಿರ ಕೊಟ್ಟು ಕಳಿಸುತ್ತೇನೆ. ರಾತ್ರಿಯೊಳಗೆ ಓದಲೇಬೇಕು. ನಾಳೆಯಿಂದ ಕೂಸು ಮೋನಿಷಾಳನ್ನು ನನ್ನ ಕೈಗೆ ಒಪ್ಪಿಸಿ ನೀನು ಆಫೀಸಿಗೆ ಹೋಗುವವಳು. ಒಪ್ಪಿಸಬಹುದೋ ಬಾರದೋ ಎಂಬುದನ್ನು ಓದಿದ ಮೇಲೆ ನಿರ್ಧರಿಸು.

ಮುರಳೀಧರ ಬಂದದ್ದು ನಮ್ಮ ಹೋಟೆಲಿನ ದೊಡ್ಡ ಪಾತ್ರೆ ತೆಗೆದುಕೊಂಡು ಹೋಗಲು. ಮಂಗಳವಾರ ನಿನ್ನಪ್ಪನ ವರ್ಷಾಂತಿಕಕ್ಕೆಂದು ತರಿಸಿದ್ದ ಪಾತ್ರೆ. ನಾನು ಸುಮ್ಮನಿರಲಾರದೆ, ಅವತ್ತು ಪಾಯಸ ಚೆನ್ನಾಗಿ ಬಂದಿತ್ತಲ್ಲ ಎಂದೆ. ಅವನು ಪಾತ್ರೆಯ ತಳ ನೋಡುತ್ತಾ ನಿಂತ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಿನಗೆ ಗೊತ್ತು.

“ಅತ್ತಿಗೆ, ಪಾಯಸ ಸೀದು ಹೋಗಿತ್ತು. ನಿಮಗೆ ಗೊತ್ತಿರಲಿಲ್ವಾ?”

ನೋಡು, ತಿಥಿಯ ಅಡುಗೆಯನ್ನು ಬಡಿಸುವ ಮೊದಲು ಬಾಯಿಗೆ ಹಾಕುವಂತಿಲ್ಲ. ಮೂಗಿನಿಂದಲೇ ತಿಳಿಯಬೇಕು. ನನ್ನ ಅತ್ತೆ ನನಗೆ ಕಲಿಸಿದ್ದು ಹಾಗೆ. ಊಟಕ್ಕೆ ಕೂತ ಬ್ರಾಹ್ಮಣರೂ ಮೌನವಾಗಿ ಉಣ್ಣಬೇಕು, ಚೆನ್ನಾಗಿದೆ ಎನ್ನಬಾರದು, ಚೆನ್ನಾಗಿಲ್ಲ ಎನ್ನಬಾರದು. ಅವರಿಗೆ ಶಾಸ್ತ್ರ ಅಡ್ಡ ಬಂತು. ಉಳಿದ ಹದಿನಾಲ್ಕು ಜನರಿಗೆ ಏನಾಗಿತ್ತು? “ಪಾಪ, ಅಳ್ತಾ ಮಾಡಿದ್ದಾರೆ, ಹೋಗ್ಲಿ ಬಿಡಿ” ಎಂದು ಪಕ್ಕದ ಮನೆಯ ಸುಶೀಲಮ್ಮ ಎಲ್ಲರ ಬಾಯಿ ಮುಚ್ಚಿಸಿದರಂತೆ. ನಾನು ಅಳುತ್ತಿರಲಿಲ್ಲ. ಒಂದೂವರೆ ಗಂಟೆ ಕೈ ಬಿಡದೆ ತಿರುವುತ್ತಿದ್ದೆ. ನೀನೂ ಉಂಡೆ. ಇನ್ನೊಂದು ಸೌಟು ಹಾಕಲು ಬಂದರೆ ‘ಡಯಟ್’ ಎಂದೆ. ಹಾಲೂಡಿಸುವ ಬಾಣಂತಿಗೆ ಎಂಥ ಡಯಟ್? ಆಗಲೇ ನನಗೆ ಹೊಳೆಯಬೇಕಿತ್ತು.

ನಾನೂ ಕೊನೆಯ ಪಂಕ್ತಿಯಲ್ಲಿ ಕೂತು ಅದನ್ನೇ ಉಂಡೆನಲ್ಲ. ಸಿಹಿ ಗೊತ್ತಾಯಿತು, ಬೇರೇನೂ ಇಲ್ಲ. ಒಂದು ವರ್ಷದಿಂದ ಯಾವುದೂ ರುಚಿಸುವುದಿಲ್ಲ. ದುಃಖಕ್ಕೆ ಹಾಗಾಗುತ್ತದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ದುಃಖದ ತಲೆಯ ಮೇಲೆ ಏನು ಬೇಕಾದರೂ ಹೊರಿಸಬಹುದು, ಅದು ಎದುರಾಡುವುದಿಲ್ಲ.

ಮುರಳೀಧರ ಹೋದ ಮೇಲೆ ಒಂದೊಂದೇ ಡಬ್ಬ ತೆಗೆದು ಮೂಗಿಗೆ ಹಿಡಿದೆ. ಕಾಫಿಪುಡಿ, ಏನೂ ಇಲ್ಲ. ಮೆಂತ್ಯ, ಇಲ್ಲ. ಇಂಗು, ಡಬ್ಬದ ಮುಚ್ಚಳ ತೆಗೆದರೆ ಮೂರು ಮನೆಗೆ ಗೊತ್ತಾಗುವ ಇಂಗು, ಅದೂ ಇಲ್ಲ. ಕರ್ಪೂರ ಮಾತ್ರ ಮೂಗಿನೊಳಗೆ ತಣ್ಣಗೆ ಹೋಯಿತು, ವಾಸನೆಯಾಗಿ ಅಲ್ಲ. ದೀಪಾವಳಿಯಿಂದ ಅಂಗಡಿಯ ಭಯ್ಯಾನ ಜೊತೆ ಇಂಗು ಕಲಬೆರಕೆ ಎಂದು ಜಗಳವಾಡುತ್ತಿದ್ದೇನೆ. ಪಾಪದವನು ಮೂರು ಸಲ ಬದಲಿಸಿ ಕೊಟ್ಟ.

ನಿಮ್ಮ ಫ್ರಿಜ್ಜಿನ ಮೇಲೆ ಮಕ್ಕಳ ಡಾಕ್ಟರ ಪಟ್ಟಿ ಅಂಟಿಸಿದ್ದೀಯಲ್ಲ, ಒಂದೂವರೆ ತಿಂಗಳಿಗೆ ನಗು, ಮೂರಕ್ಕೆ ಕತ್ತು ನಿಲ್ಲಬೇಕು, ಐದಕ್ಕೆ ಮಗುಚಬೇಕು ಎಂದು. ಹುಟ್ಟಿದ ಕೂಸಿಗೆ ಕಣ್ಣು ನೆಟ್ಟಗೆ ಕಾಣುವ ಮೊದಲೇ ತಾಯಿಯ ವಾಸನೆ ಗೊತ್ತಾಗುತ್ತದೆ ಎಂದು ನೀನೇ ಓದಿ ಹೇಳಿದೆ. ಒಂದೊಂದು ಬಂದಾಗಲೂ ಗುರುತು ಹಾಕಿ ತಿಲಕನಿಗೆ ಫೋನು ಮಾಡುತ್ತೀಯ. ಅರವತ್ತಮೂರಕ್ಕೆ ಏನು ಹೋಗುತ್ತದೆ ಎಂದು ಯಾರೂ ಪಟ್ಟಿ ಕೊಡುವುದಿಲ್ಲ. ಮೊನ್ನೆ ಶುಕ್ರವಾರ ಡಿಸ್ಪೆನ್ಸರಿಗೆ ಹೋಗಿ ಕೇಳಿದೆ. ಡಾಕ್ಟರು ನನ್ನ ಮುಖವನ್ನೂ ನೋಡಲಿಲ್ಲ. “ಉಮ್ರ್ ಹೈ, ಮಾತಾಜಿ,” ಎಂದು ಮೂಗಿಗೆ ಹಾಕುವ ಹನಿ ಬರೆದುಕೊಟ್ಟರು. ವಯಸ್ಸಾಗಿದೆ ಎಂದು ನನಗೂ ಗೊತ್ತಿತ್ತು. ಅದನ್ನು ಕೇಳಲು ಸಾಲಿನಲ್ಲಿ ಎರಡು ಗಂಟೆ ನಿಲ್ಲಬೇಕಿತ್ತೇ?

ಶುಕ್ರವಾರ ಯಾಕೆ ಹೋದೆ ಎಂದು ಕೇಳುತ್ತೀಯ. ಗುರುವಾರ ನಿಮ್ಮ ಮನೆಯಲ್ಲಿ ಆದದ್ದಕ್ಕೆ. ನೀನು ಬ್ಯಾಂಕಿಗೆ ಹೋಗಿದ್ದೆ. ಹಾಲು ಇಟ್ಟು, ಮೋನಿಷಾಳ ಬಟ್ಟೆ ಮಡಿಸುತ್ತಾ ಹೊರಗಿನ ಕೋಣೆಯಲ್ಲಿ ಕೂತೆ. ಹಾಲು ಉಕ್ಕಿ ಒಲೆ ಆರಿತ್ತು. ಗ್ಯಾಸು ಹಾಗೇ ಬರುತ್ತಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಚಳಿಗೆಂದು ಎಲ್ಲ ಕಿಟಕಿ ಮುಚ್ಚಿದ್ದೆ, ಮಗು ಒಳಗೆ ಮಲಗಿತ್ತು. ಎದುರು ಮನೆಯ ಶೈಲಜಾ ಮೆಟ್ಟಿಲ ಮೇಲೇ ವಾಸನೆ ಹಿಡಿದು ಬಾಗಿಲು ಬಡಿದಳು. ನೇರ ಒಳಗೆ ಹೋಗಿ ಗ್ಯಾಸು ಮುಚ್ಚಿ, ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. “ಆಂಟಿ, ಇಷ್ಟು ವಾಸನೆ ಬರ್ತಿದೆ, ನೀವು ಇಲ್ಲೇ ಕೂತಿದ್ದೀರಲ್ಲ!” ಎಂದಳು. ನೆಗಡಿ ಎಂದೆ. ನಿನಗೆ ಹೇಳಬೇಡ ಎಂದು ಅವಳ ಕೈ ಹಿಡಿದುಕೊಂಡೆ. ಅವಳಿಗೆ ಇಷ್ಟವಿರಲಿಲ್ಲ, ಆದರೂ ಒಪ್ಪಿದಳು. ನೀನು ಬಂದು, ಡಿಸೆಂಬರಿನಲ್ಲಿ ಕಿಟಕಿ ತೆಗೆದಿಟ್ಟು ಕೂಸಿಗೆ ಶೀತ ಮಾಡುತ್ತೀಯಲ್ಲ ಅಮ್ಮಾ ಎಂದು ಬೈದೆ. ಬೈಸಿಕೊಂಡೆ. ಬೈಸಿಕೊಳ್ಳುವುದೇ ಸುಲಭವಾಗಿತ್ತು.

ಯಾಕೆ ಮುಚ್ಚಿಟ್ಟೆ ಎಂದರೆ, ಹೇಳಿದರೆ ನೀನು ಮಗುವನ್ನು ಕ್ರೆಷ್‌ಗೆ ಹಾಕುತ್ತೀಯ ಎಂಬ ಭಯಕ್ಕೆ. ನಿನ್ನಪ್ಪ ಹೋದ ಮೇಲೆ ಬೆಳಗ್ಗೆ ಎದ್ದು ಹೋಗಬೇಕಾದ ಜಾಗವೆಂದು ನನಗೆ ಬೇರೆ ಇಲ್ಲ. ಆದರೆ ಅದು ನನ್ನ ಕಷ್ಟ. ಅದಕ್ಕಾಗಿ ಕೂಸನ್ನು ಪಣಕ್ಕೆ ಇಡುವುದು ತಪ್ಪು. ಮೂರು ದಿನದಿಂದ ಇಷ್ಟು ಸಣ್ಣ ಮಾತು ತಲೆಗೆ ಹೋಗಿರಲಿಲ್ಲ. ಪಾಯಸದ ಸುದ್ದಿ ಬಂದ ಮೇಲೆ ಹೋಯಿತು.

ನನ್ನನ್ನು ಇಟ್ಟುಕೊಳ್ಳುವುದಾದರೆ ಹೀಗೆ ಮಾಡು. ನೀನು ಹೊರಡುವಾಗ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ ಹೋಗು. ನನ್ನ ಅನ್ನ, ಮಗುವಿನ ಬಿಸಿನೀರು ಬೆಳಗ್ಗೆಯೇ ಫ್ಲಾಸ್ಕಿನಲ್ಲಿ, ಡಬ್ಬಿಯಲ್ಲಿ ಆಗಲಿ. ಶೈಲಜಾಗೆ ಎಲ್ಲ ಬಿಡಿಸಿ ಹೇಳು, ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಬಂದು ನೋಡಲಿ. ಕಣ್ಣು, ಕಿವಿ, ಕೈ ನನಗೆ ಇನ್ನೂ ಸರಿಯಾಗಿವೆ. ಬೇಡ ಎಂದರೆ ಮುರಳೀಧರನ ಹತ್ತಿರ ‘ಬೇಡ’ ಎಂದು ಒಂದು ಮಾತು ಹೇಳಿ ಕಳಿಸು. ಕಾರಣ ಹೇಳಬೇಡ, ಸಮಾಧಾನವನ್ನಂತೂ ಮಾಡಲೇಬೇಡ. ನಾನು ಸುಶೀಲಮ್ಮನಿಂದ ಸಾಕಷ್ಟು ಮಾಡಿಸಿಕೊಂಡಿದ್ದೇನೆ.

ಮೋನಿಷಾಳ ನೆತ್ತಿ ಮೂಸಿ, ಎಷ್ಟು ಚೆನ್ನಾಗಿದೆ ನೋಡಮ್ಮಾ ಎಂದು ನೀನು ನನ್ನ ಕಡೆ ಹಿಡಿದಾಗಲೆಲ್ಲ ಹೌದು ಎಂದಿದ್ದೇನೆ. ಅದೂ ಸುಳ್ಳು.

ಇಂತು ನಿನ್ನ ಅಮ್ಮ,
ವಿಮಲಾ

ಮರೆತಿದ್ದೆ: ನಿನ್ನಪ್ಪ ಕೊನೆಯ ಎರಡು ವರ್ಷ ಹೋಟೆಲಿನಿಂದ ಬಂದವರು ಅಡುಗೆಮನೆಯ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಪೇಪರಿನಿಂದ ಕಣ್ಣೆತ್ತದೆ “ವಿಮಲಾ, ಇಳಿಸು” ಎನ್ನುತ್ತಿದ್ದರು. ಹೋಟೆಲಿನ ಯಜಮಾನಿಕೆ ಮನೆಯಲ್ಲೂ ಬೇಕೇ ಎಂದು ನಾನು ದಿನವೂ ರೇಗುತ್ತಿದ್ದೆ. ಕುರ್ಚಿಯನ್ನು ಎರಡು ಸಲ ವರಾಂಡಕ್ಕೆ ಎಸೆದಿದ್ದೇನೆ. ಅವರು ಒಂದು ಮಾತೂ ಆಡದೆ ಮತ್ತೆ ತಂದು ಹಾಕಿಕೊಂಡರು. ನನಗೆ ಗೊತ್ತಾಗುವ ಮೊದಲೇ ಅವರಿಗೆ ಗೊತ್ತಿತ್ತು ಎಂದು ಇವತ್ತು ಡಬ್ಬಗಳ ಮುಚ್ಚಳ ಹಾಕುವಾಗ ತಿಳಿಯಿತು. ಹೇಳಬಾರದಿತ್ತೇ ಆ ಮನುಷ್ಯ.

ನಾಳೆ ಘಾಜಿಯಾಬಾದಿನ ಮೊದಲ ಬಸ್ಸು ಆರೂಕಾಲಿಗೆ.