ಬೆಲ್ ಹೊಡೀಬೇಡ ದಾಕ್ಷಿ

ದಾಕ್ಷಿ,

ನಿನ್ ಫೋನು ಆಸ್ಪತ್ರೆ ಲಾಕರಲ್ಲಿರುತ್ತೆ, ಅದಕ್ಕೇ ಚಪ್ಪಲಿ ಸ್ಟ್ಯಾಂಡಲ್ಲಿ ಈ ಚೀಟಿ. ಬೆಲ್ ಹೊಡೀಬೇಡ. ನಿನ್ ಕೀಲೀಲಿ ಮೆತ್ತಗೆ ಬಾಗಿಲು ತೆಗಿ.

ದಿಲ್ಮಾಯಾ ದೀದಿ ಮಗಳನ್ನ ಎತ್ಕೊಂಡು ನಿನ್ ರೂಮಿಗೆ ಓಡಿ ಚಿಲಕ ಹಾಕ್ಕೊಂಡಿದಾರೆ. ತಪ್ಪು ನಂದು. ಹಾಲು ತಂದವನು ಮಾಸ್ ಎಂಟ್ರಿ ಕೊಡೋಕೆ ಹೋಗಿ, ದಿನಾ ನಿಂಗೆ ಮಾಡೋ ವಿಲನ್ ಆಟ ಮಾಡ್ದೆ. ಬಾಗಿಲು ಗುದ್ದಿ, "ತೆಗಿಯೇ, ಇವತ್ತು ನಿನ್ ಕಥೆ ಮುಗೀತು" ಅಂದೆ. ನೀನಾಗಿದ್ರೆ "ಡೈಲಾಗ್ ಸಾಕು, ಹಾಲು ಒಳಗಿಡೋ" ಅಂತಿದ್ದೆ. ದೀದಿ ಗಂಡನ್ನ ಬಿಟ್ಟು ನಮ್ಮನೆಗೆ ಬಂದು ನಾಲ್ಕು ದಿನ ಆಯ್ತು, ಅವ್ರೂ ಸ್ವಲ್ಪ ನಗ್ಲಿ ಅಂತ ಹಿಂದೀಲಿ ಬೇರೆ ಹೇಳ್ದೆ. ಬುದ್ಧಿ ಎಲ್ಲಿಟ್ಟಿದ್ನೋ. ಗಂಡ ಕೋಗಿಲು ಲೇಔಟಿಂದ ಹುಡುಕ್ಕೊಂಡು ಬಂದ ಅಂದ್ಕೊಂಡ್ರು. "ನಾನೇ ಬರ್ತೀನಿ, ಮಗೂಗೆ ಹೊಡೀಬೇಡ" ಅಂದ್ರು ದಾಕ್ಷಿ. ನಂಗೆ ಅಂದ್ರು.

"ನಾನು ಸಿದ್ದು ದೀದಿ" ಅಂತ ಹತ್ತು ಸಲ ಹೇಳ್ದೆ. ನಾನು ಬಾಯಿ ಬಿಟ್ಟಷ್ಟೂ ಮಗು ಇನ್ನೂ ಜೋರಾಗಿ ಅಳ್ತು. ಅದಕ್ಕೇ ಹೊರಗೆ ಹೋಗ್ತಿದೀನಿ. ದೀದಿ ಒಬ್ರೇ ಇರೋದು ಬೇಡ ಅಂತ ಪಕ್ಕದ್ಮನೆ ಮಾರಕ್ಕನ್ನ ಟೀವಿ ಮುಂದೆ ಕೂರ್ಸಿದೀನಿ, ಪಾಪ ಅವ್ರಿಗೆ ಹಿಂದಿ ಬರಲ್ಲ, ಸಮಾಧಾನ ಮಾಡೋಕಾಗಲ್ಲ.

ಹಾಲು ಕಾಯ್ಸಿಟ್ಟಿದೀನಿ, ಮಗೂಗೆ ಕೊಡು.

ಹನ್ನೊಂದಕ್ಕೆ ಮಹಿಳಾ ಸಹಾಯ ಕೇಂದ್ರದಲ್ಲಿ ಮೇಡಂ ಕಾಯ್ತಿರ್ತಾರೆ. ದೀದಿಯ ನೇಪಾಳದ ಗುರುತಿನ ಕಾರ್ಡು ಗಂಡನ ಹತ್ರ ಇದ್ರೂ ದೂರು ಬರ್ಕೋತಾರಂತೆ, ಫೋನ್ ಮಾಡಿ ಕೇಳ್ದೆ. ಆಟೋ ಕಳಿಸ್ತೀನಿ, ನೀನೇ ಕರ್ಕೊಂಡು ಹೋಗು, ನಾನು ಹತ್ತಲ್ಲ. ದೀದಿ ಹೆದರಿ ಗಂಡನ ಹತ್ರಾನೇ ವಾಪಸ್ ಹೋದ್ರೆ ಅದು ನನ್ನಿಂದ ಕಣೇ.

ಅವ್ನು ಬಂದಿಲ್ಲ, ಅವ್ನಿಗೆ ಈ ಮನೆ ಗೊತ್ತೇ ಇಲ್ಲ ಅಂತ ಮೊದ್ಲು ಹೇಳು. ಆಮೇಲೆ ಗುದ್ದಿದ್ದು ಯಾರು ಅಂತ ನನ್ ಹೆಸರು ಹೇಳು.

ಸಿದ್ದು